ಗಡಿ ಭೂತಪ್ಪ ಭಾರವಾದ ಜಾಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದರೆ ಹೊರಗಿನವರು ತಲೆಯಾಡಿಸುತ್ತಾರೆ. ನಮ್ಮ ಊರಿನ ಹೆಸರು ಹೇಳಿದರೆ ಮಾತ್ರ "ಅದೆಲ್ಲಿ ಬರ್ತದೆ?" ಎಂದು ಕೇಳುತ್ತಾರೆ. ಕೇಳಿ ಕೇಳಿ ರೇಗಿಹೋಗಿ ನಾನು ಹೆಸರು ಹೇಳುವುದನ್ನೇ ಬಿಟ್ಟಿದ್ದೇನೆ. ಇಲ್ಲಿಯೂ ಹೇಳುವುದಿಲ್ಲ. ಈಗ ಹೇಳಹೊರಟಿರುವ ಸಂಗತಿಯಲ್ಲಿ ಒಂದು ಮೋಸವಿದೆ, ಅದನ್ನು ಮಾಡಿದವನು ನಾನೇ. ಊರಿನ ಮರ್ಯಾದೆ ಊರಿಗಿರಲಿ.

ಗುಡ್ಡದ ಬೆನ್ನಿನ ಮೇಲೆ ಉದ್ದಕ್ಕೆ ಕೂತ ಊರು ನಮ್ಮದು. ಒಂದು ಬಸ್ ಸ್ಟ್ಯಾಂಡು, ಒಂದು ಆಸ್ಪತ್ರೆ, ಎರಡು ಬೇಕರಿ, ಒಂದು ಪಟ್ಟಣ ಪಂಚಾಯಿತಿ. ಊರು ಚಿಕ್ಕದು, ಜಂಬ ದೊಡ್ಡದು. ಕೆಳಗಿನ ತಿರುವಿನಲ್ಲಿ ಒಂದು ಗಡಿಕಲ್ಲಿದೆ. ಅಲ್ಲಿಗೆ ನಮ್ಮ ಪಟ್ಟಣವೂ ಮುಗಿಯುತ್ತದೆ, ತಾಲೂಕೂ ಮುಗಿಯುತ್ತದೆ. ಆಚೆಯವರನ್ನು ನಾವು "ಫಾರಿನ್‌ನವರು" ಎನ್ನುತ್ತೇವೆ. "ಪಾಸ್‌ಪೋರ್ಟ್ ತಂದ್ಯನಾ ಮಾರಾಯ?" ಎಂದು ಹೋಟೆಲಿನಲ್ಲಿ ಕಾಲೆಳೆಯುತ್ತೇವೆ. ಅವರೂ ಬಿಡುವವರಲ್ಲ. "ನಿಮ್ಮ ದೇಶದ ಕಾಫಿ ಬರೀ ನೀರು" ಎಂದು ಮುಖ ಸಿಂಡರಿಸಿ, ಎರಡನೇ ಲೋಟ ತರಿಸಿಕೊಳ್ಳುತ್ತಾರೆ.

ಈ ನಮ್ಮ ದೇಶಕ್ಕೆ ನೀರು ಬಿಡುವವನು ನಾನಾಗಿದ್ದೆ. ಪಂಚಾಯಿತಿಯ ಕಾಗದದಲ್ಲಿ ಏನೇನೋ ಹುದ್ದೆ ಬರೆದಿದ್ದರು, ಜನರ ಬಾಯಲ್ಲಿ ಮಾತ್ರ "ನೀರು ಬಿಡೋರು". ಬೆಳಿಗ್ಗೆ ಎದ್ದು ವಾಲ್ವ್ ತಿರುಗಿಸುವ ಸೊಂಟದೆತ್ತರದ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು ಹೊರಟರೆ, ಆಸ್ಪತ್ರೆ ಬೀದಿಯಿಂದ ಶುರುವಾಗಿ ಕೆಳಗಿನ ತಿರುವಿನ ವಾಲ್ವ್ ಮುಚ್ಚುವ ಹೊತ್ತಿಗೆ ನನ್ನ ಊರು ಮುಗಿಯುತ್ತಿತ್ತು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಎಲ್ಲ ನನಗೆ ಮೊದಲು ಗೊತ್ತಾಗುತ್ತಿತ್ತು. ಮದುವೆ ನಿಶ್ಚಯವಾದರೆ ಕಾಗದ ಅಚ್ಚಿಗೆ ಕೊಡುವ ಮೊದಲು ನನಗೆ ಹೇಳುತ್ತಿದ್ದರು. ಅಂಥ ದಿನ ಆ ಬೀದಿಗೆ ಕೀಲಿ ಎರಡು ಸುತ್ತು ಹೆಚ್ಚು. ಅದು ನನ್ನ ಮುಯ್ಯಿ. ಬೈಯುವುದರಲ್ಲೂ ನಾನೇನು ಕಡಿಮೆ ಇರಲಿಲ್ಲ. ನಲ್ಲಿ ತಿರುಗಿಸಿಟ್ಟು ಹರಟೆಗೆ ಕೂತವರ ಏಳು ತಲೆಮಾರನ್ನೂ ಬೀದಿಯಲ್ಲಿ ನಿಂತು ನೆನೆಸಿದ್ದೇನೆ.

ಗಡಿಕಲ್ಲಿನ ಕಥೆ ಹೇಳಿಬಿಡುತ್ತೇನೆ. ಯಾವ ಕಾಲದಲ್ಲೋ ಪಟ್ಟಣದವರೇ ನೆಡಿಸಿದ್ದು, ಮೋರಿಯ ಪಕ್ಕ, ಒಂದು ಧೂಪದ ಮರದ ಬುಡದಲ್ಲಿ. ಅದರ ಮೇಲೆ ಪಟ್ಟಣದ ಗಡಿ ಎಂದು ಅಕ್ಷರ ಕೆತ್ತಿತ್ತಂತೆ. ನಮ್ಮ ಕಡೆ ಕಲ್ಲು ಮರದ ಬುಡದಲ್ಲಿ ಒಂಟಿಯಾಗಿ ನಿಲ್ಲಬಾರದು, ನಿಂತರೆ ದೇವರಾಗುತ್ತದೆ. ಮೊದಲು ಯಾರೋ ಒಂದು ದಾಸವಾಳ ಇಟ್ಟರು. ಆಮೇಲೊಮ್ಮೆ ಬ್ರೇಕ್ ಹೋದ ಬಸ್ಸೊಂದು ಇಳಿಜಾರಿನಲ್ಲಿ ಬಂದು ಆ ಕಲ್ಲಿಗೆ ಎರಡು ಮಾರು ಹಿಂದೆ ತಾನಾಗಿ ನಿಂತಿತು. ಮುಗಿಯಿತು. ಎಣ್ಣೆ ಬಿತ್ತು, ಕುಂಕುಮ ಬಿತ್ತು, ಅಕ್ಷರ ಮುಚ್ಚಿಹೋಯಿತು, ಗಡಿಕಲ್ಲು ಗಡಿ ಭೂತಪ್ಪ ಆಯಿತು. ಇವತ್ತಿಗೂ ಬಸ್ಸಿನವರು ಅಲ್ಲಿ ಸಣ್ಣಗೆ ಒಂದು ಹಾರನ್ ಹೊಡೆದೇ ಮುಂದೆ ಹೋಗುವುದು.

ಭೂತಪ್ಪನಿಗೆ ಶನಿವಾರ ದೀಪ ಹಚ್ಚುತ್ತಿದ್ದವಳು ಅಕ್ಕ. ನನ್ನ ಒಡಹುಟ್ಟಿದವಳಲ್ಲ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಊರಿಗೆಲ್ಲ ಅಕ್ಕ. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದಳು. ಕೆಲಸ ಪಟ್ಟಣದಲ್ಲಿ, ಮನೆ ಮಾತ್ರ ಫಾರಿನ್‌ನಲ್ಲಿ. ಕಲ್ಲಿನಿಂದ ಅವಳ ಅಂಗಳದ ಬಿದಿರು ಗೇಟು, ನಮ್ಮ ಮಾತಿನಲ್ಲಿ ದಣಪೆ, ಅಲ್ಲಿಗೆ ಸರಿಯಾಗಿ ಮೂವತ್ತೈದು ಹೆಜ್ಜೆ. ಆ ಮೂವತ್ತೈದು ಹೆಜ್ಜೆಯ ದೆಸೆಯಿಂದ ಅವಳಿಗೆ ನಲ್ಲಿ ಇಲ್ಲ. ಅವರ ಪಂಚಾಯಿತಿಯ ಪೈಪು ಅಷ್ಟು ಮೇಲೆ ಹತ್ತುತ್ತಿರಲಿಲ್ಲ, ನಮ್ಮದು ಕಲ್ಲು ದಾಟುವಂತಿರಲಿಲ್ಲ. ಅಕ್ಕ ಕೆಳಗಿನ ಹಳ್ಳದಿಂದ ಕೊಡ ಹೊತ್ತು ಕಡಿದಾದ ದರೆ ಹತ್ತಬೇಕು. ಅವಳ ಗಂಡ, ನಾನು ಭಾವ ಎನ್ನುವವನು, ಕಾಫಿ ತೋಟದಲ್ಲಿ ಮೇಸ್ತ್ರಿ. ಹತ್ತು ಆಳಿಗೆ ಕೆಲಸ ಹೇಳುವ ಗತ್ತಿನ ಮನುಷ್ಯ. ಅವನು ಒಂದು ಕೊಡ ಹೊತ್ತದ್ದನ್ನು ನನ್ನ ಕಣ್ಣು ಕಂಡಿಲ್ಲ.

ನಾನು ಕಡೆಯ ವಾಲ್ವ್ ಮುಚ್ಚುವ ಹೊತ್ತಿಗೆ ದಿನಾ ಅವಳು ದರೆ ಹತ್ತುತ್ತಿದ್ದಳು. ನಾನು ಊರಿಗೆಲ್ಲ ನೀರು ಬಿಡುವವನು, ನನ್ನೆದುರೇ ಒಬ್ಬಳು ಹಳ್ಳದ ನೀರು ಹೊರುತ್ತಾಳೆ. ಹೊಟ್ಟೆ ಉರಿಯದೆ ಇರುತ್ತದೆಯೆ? ಕಲ್ಲಿನ ಹತ್ತಿರ ಒಂದು ಬೀದಿ ನಲ್ಲಿಯಾದರೂ ಹಾಕಿ ಎಂದು ಸದಸ್ಯರ ಕಾಲಿಗೆ ಬೀಳುವುದೊಂದು ಬಾಕಿ. "ಆಚೆ ತಾಲೂಕಿನವರಿಗೆ ನಮ್ಮ ನೀರನಾ? ಇವತ್ತು ಒಂದು ಮನೆ, ನಾಳೆ ಹತ್ತು" ಎಂದರು. ಹಾಳಾಗಿ ಹೋಗಲಿ ಎಂದು ವಾಲ್ವನ್ನು ಸಣ್ಣಗೆ ಸೋರುವ ಹಾಗೆ ಬಿಟ್ಟು, ಅಡಿಯಲ್ಲಿ ಒಂದು ಬಕೆಟ್ ಇಟ್ಟೆ. ಹದಿನೈದು ದಿನಕ್ಕೆ ನನಗೆ ನೋಟಿಸ್ ಬಂತು.

ಅದೇ ಬೇಸಿಗೆಯಲ್ಲಿ ಅಕ್ಕ ದರೆಯ ಮೇಲೆ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಮೂರು ತಿಂಗಳು ಮಲಗಿ ಎದ್ದಾಗ ಒಂದು ಕಾಲು ಗಿಡ್ಡವಾಗಿತ್ತು. ಎದ್ದ ವಾರಕ್ಕೇ, ಮೊಣಕಾಲಿನ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಸಣ್ಣ ಬಿಂದಿಗೆ ಹಿಡಿದು ಮತ್ತೆ ಹಳ್ಳಕ್ಕೆ ಇಳಿದಳು. ನಾನು ಕೀಲಿ ಹಿಡಿದು ನಿಂತಿದ್ದೆ. ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ಗೊತ್ತಾಗದೆ ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದೆ. ಅವಳು "ನಂಗೆಂತಕ್ಕೆ ಹೇಳ್ತೀರಿ, ಆ ಕಲ್ಲಿಗೆ ಹೇಳಿ" ಎಂದಳು.

ಮರುವರ್ಷ ರಸ್ತೆ ಅಗಲ ಮಾಡುವ ಕೆಲಸ ಬಂತು. ಧೂಪದ ಮರ ಹೋಯಿತು. ಕಲ್ಲಿನ ಎದುರು ಜೆಸಿಬಿ ನಿಲ್ಲಿಸಿದ ಡ್ರೈವರ್ ಚಪ್ಪಲಿ ಬಿಟ್ಟು ಕೆಳಗಿಳಿದು, ಕೈಮುಗಿದು, ತಾನು ಮುಟ್ಟುವುದಿಲ್ಲ ಎಂದ. ಕಮ್ಮರಡಿ ಕಡೆಯಿಂದ ಭಟ್ಟರನ್ನು ಕರೆಸಿದರು. ಭಟ್ಟರು ದಾರಿ ಹೇಳಿದರು. ನಾಲ್ಕು ಜನ ಮಿಂದು ಬಂದು, ಬರಿಗಾಲಿನಲ್ಲಿ, ಮಾತಾಡದೆ ಭೂತಪ್ಪನನ್ನು ಹೊರಬೇಕು. ಮೇಲೆಲ್ಲ ಅಗೆದಿರುವುದರಿಂದ ಇಳಿಜಾರಿನ ಕಡೆ ನಡೆಯಬೇಕು. ಎಲ್ಲಿ ಭಾರವಾಗುತ್ತದೋ ಅಲ್ಲಿ ಕೂಗಿ ಹೇಳಿ ಇಳಿಸಬೇಕು, ಅದೇ ಅವನಿಗೆ ಒಪ್ಪಿಗೆಯಾದ ಜಾಗ.

ಅವತ್ತು ಪಂಚಾಯಿತಿಯವರೆಲ್ಲ ಬಂದಿದ್ದರು. ಸದಸ್ಯರು ಮಡಿ ಪಂಚೆ ಉಟ್ಟು ಕೈಮುಗಿದು ನಿಂತಿದ್ದರು, ಆಗಿನ ಮುಖ್ಯಾಧಿಕಾರಿ ತಾವೇ ತೆಂಗಿನಕಾಯಿ ಒಡೆದರು. ಇದು ನಮ್ಮ ಪಟ್ಟಣದ ಗಡಿಕಲ್ಲು, ಇದು ಸರಿದರೆ ಗಡಿಯೂ ಸರಿಯುತ್ತದೆ ಎಂದು ಒಬ್ಬ ಪುಣ್ಯಾತ್ಮನಿಗೂ ಹೊಳೆಯಲಿಲ್ಲ. ದೇವರನ್ನು ಕಂಡ ಮೇಲೆ ನಮ್ಮವರಿಗೆ ಕಲ್ಲು ಕಾಣುವುದಿಲ್ಲ. ನನಗೊಬ್ಬನಿಗೆ ಎರಡೂ ಕಂಡಿತು.

ಹೊತ್ತವರು ಹೋಟೆಲಿನವ, ಬಸ್ ಏಜೆಂಟ, ಟೈಲರ್ ಮತ್ತು ನಾನು. ಬಿದಿರಿನ ಗಳುವಿಗೆ ಹಗ್ಗ ಕಟ್ಟಿ ಎತ್ತಿದೆವು. ನಾನು ಮುಂದೆ, ಬಲಗಡೆ. ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತ ಹೋದೆ. ಇಪ್ಪತ್ತಕ್ಕೇ ಹೋಟೆಲಿನವ ಬುಸುಗುಡತೊಡಗಿದ. ಇಲ್ಲೇ ಇಳಿಸಿಬಿಟ್ಟಾನು ಎಂದು ನನಗೆ ಜೀವವೇ ಹೋಯಿತು, ಕಣ್ಣು ಕೆಂಪಗೆ ಮಾಡಿ ಅವನನ್ನು ನಡೆಸಿದೆ. ಮೂವತ್ತೈದಕ್ಕೆ ಅಕ್ಕನ ದಣಪೆ ಬಂತು. ಅವಳು ಹೂವು ಹಿಡಿದು ನಿಂತಿದ್ದಳು. ಇನ್ನೈದು ಹೆಜ್ಜೆ ದಾಟಿಸಿದೆ. ಅಲ್ಲಿ ಮಂಡಿ ಬಾಗಿಸಿ, ಹಲ್ಲು ಕಚ್ಚಿ, "ಅಯ್ಯಯ್ಯೋ, ಭಾರ! ಭಾರ ಆಯ್ತು!" ಎಂದು ಕೂಗಿದೆ. ಉಳಿದ ಮೂವರಿಗೂ ಅದೇ ಬೇಕಿತ್ತು. ಇಳಿಸಿದೆವು. ಭಟ್ಟರು ಗಂಟೆ ಬಾರಿಸಿದರು.

ಆಮೇಲೆ ಎಲ್ಲ ನೀರು ಹರಿದ ಹಾಗೇ ಆಯಿತು. ಹೊಸ ಪೈಪಿನ ಕೆಲಸಕ್ಕೆ ಬಂದ ಎಂಜಿನಿಯರ್ "ಗಡಿಕಲ್ಲಿನವರೆಗೆ" ಎಂದು ಬರೆದುಕೊಂಡ. ಕಲ್ಲು ಎಲ್ಲಿದೆ? ಅಕ್ಕನ ಮನೆಯಿಂದ ಆಚೆ. ಅವಳ ಅಂಗಳಕ್ಕೆ ನಲ್ಲಿ ಬಂತು. ಮೊದಲ ದಿನ ನೀರು ಬಿಟ್ಟು ನೋಡಲು ಓಡಿದೆ. ಅಕ್ಕ ನಲ್ಲಿಯ ಕೆಳಗೆ ಅಂಗೈ ಹಿಡಿದು ನಿಂತಿದ್ದಳು, ಕೊಡವನ್ನೂ ಇಟ್ಟಿರಲಿಲ್ಲ.

"ಭೂತಪ್ಪ ಕಣ್ಣು ಬಿಟ್ಟ ನೋಡು" ಎಂದಳು.

"ಹೌದು ಅಕ್ಕ. ಈಗ ನೀರು ಚೆಲ್ಲಬೇಡ, ಕೊಡ ಇಡು" ಎಂದು ಗದರಿ ಮುಖ ತಿರುಗಿಸಿಕೊಂಡೆ.

ಹದಿನೈದು ವರ್ಷ ಹೀಗೇ ಹೋಯಿತು. ದಿನಾ ಕಡೆಯ ವಾಲ್ವ್ ಮುಚ್ಚಿದ ಮೇಲೆ ಅಕ್ಕನ ಜಗಲಿಯಲ್ಲಿ ನನಗೊಂದು ಲೋಟ ಕಾಫಿ. ಹಲಸಿನ ಕಾಲದಲ್ಲಿ ಎಲೆಯಲ್ಲಿ ಬೇಯಿಸಿದ ಕಡುಬು. ಭಾವನಿಗೂ ನನಗೂ ರಾಜಕೀಯದ ಮೇಲೆ ಜಗಳ. ನಾನು ನಿವೃತ್ತನಾದೆ, ಮಂಡಿ ಹಿಡಿದುಕೊಂಡಿತು, ಕೀಲಿ ಹೊಸಬನ ಕೈಗೆ ಹೋಯಿತು. ಕಾಫಿ ಮಾತ್ರ ನಿಲ್ಲಲಿಲ್ಲ.

ಹೋದ ಬೇಸಿಗೆಯಲ್ಲಿ ಸರ್ವೆ ಬಂತು. ಪಟ್ಟಣದ ಗಡಿಯನ್ನೆಲ್ಲ ಹೊಸದಾಗಿ ಕಂಪ್ಯೂಟರಿಗೆ ಏರಿಸುತ್ತಾರಂತೆ. ಧಾರವಾಡದ ಕಡೆಯ ಒಬ್ಬಳು ಹುಡುಗಿ ಸರ್ವೆಯರ್, ಉದ್ದ ಕೋಲಿನ ತುದಿಗೆ ಮೆಷಿನ್ ಸಿಕ್ಕಿಸಿಕೊಂಡು ಬಂದಿದ್ದಳು. ಚುರುಕು ಹುಡುಗಿ. ಕಲ್ಲಿನ ಹತ್ತಿರ ಮೆಷಿನ್ ನಿಲ್ಲಿಸಿ ನೋಡಿದಳು, ಕಾಗದ ನೋಡಿದಳು, ಮತ್ತೆ ಕಲ್ಲು ನೋಡಿದಳು.

"ನಕಾಶೆ ಒಂದು ಹೇಳತೈತಿ, ಕಲ್ಲು ಒಂದು ಹೇಳತೈತಿ" ಎಂದಳು. "ನಕಾಶೆ ಭಾಳ ಹಳೇದು, ತಪ್ಪಿದ್ರೂ ಇರಬಹುದು. ಕಲ್ಲು ಮೊದಲಿಂದ ಇಲ್ಲೇ ಐತಿ ಅಂತ ಊರ ಹಿರಿಯರು ಮಹಜರಿನಾಗ ಸಹಿ ಹಾಕಿದ್ರ, ಇದನ್ನ ಖಾಯಂ ಮಾಡ್ತೀನ್ರಿ. ಇಲ್ಲಾಂದ್ರ ಕಲ್ಲು ನಕಾಶೆಯ ಜಾಗಕ್ಕ ಹೋಗಬೇಕು. ಆಚೆ ಉಳಿದ ನಳದ ಕನೆಕ್ಷನ್ ತೆಗೀಬೇಕಾಕ್ಕೈತಿ."

ಮಹಜರು ಮರುದಿನಕ್ಕೆ ಎಂದಾಯಿತು. ನಾನು ಆ ಮಧ್ಯಾಹ್ನವೇ ಅಕ್ಕನ ಮನೆಗೆ ಹೋದೆ. "ನಾಳೆ ನೀನು ಒಳಗೇ ಇರು, ಹೊರಗೆ ಬರಬೇಡ. ನಾನು ನೋಡ್ಕೊಳ್ತೀನಿ" ಎಂದೆ. ಅವಳು ಕಾಫಿ ಕೊಟ್ಟಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಕಲ್ಲಿನ ಸುತ್ತ ಅರ್ಧ ಊರು ಸೇರಿತ್ತು. ಕಲ್ಲು ಹೊತ್ತು ತಂದದ್ದನ್ನು ನೋಡಿದವರು ಅದರಲ್ಲಿ ಐವತ್ತು ಜನವಾದರೂ ಇದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಹಿಂದೊಮ್ಮೆ "ನಮ್ಮ ನೀರನಾ" ಎಂದು ಕೇಳಿದ್ದ ಸದಸ್ಯರೇ ಈಗ ತಮ್ಮ ಕಾಲ್ಬೆರಳು ನೋಡುತ್ತ ನಿಂತಿದ್ದರು. ಅಕ್ಕನ ಕೈಯ ಅನ್ನ ಉಂಡು ಬೆಳೆದ ಮಕ್ಕಳು ಅವರ ಮನೆಗಳಲ್ಲೂ ಇದ್ದವಲ್ಲ. ನನ್ನ ಊರಿನ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಯಾವತ್ತೂ ಬಂದಿಲ್ಲ. ಸುಳ್ಳು ಹೇಳಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಕಲ್ಲು ಮೊದಲಿಂದ ಇಲ್ಲೇ ಇತ್ತೇ ಎಂದು ಸರ್ವೆಯರ್ ಹುಡುಗಿ ಟೈಲರನನ್ನು ಕೇಳಿದರೆ "ನಾನು ಹಿಂದೆ ಹಿಡ್ದಿದ್ದೆ, ನಂಗೆ ಎಂತ ಕಾಣ್ತದೆ? ಮುಂದಿದ್ದವ್ರನ್ನ ಕೇಳಿ" ಎಂದುಬಿಟ್ಟ. ಹೋಟೆಲಿನವ ತೀರಿಕೊಂಡಿದ್ದ. ಬಸ್ ಏಜೆಂಟ ಹಿರೇಕೊಡಿಗೆಯ ಮಗಳ ಮನೆ ಸೇರಿದ್ದ. ಉಳಿದವನು ನಾನು.

ಹೊತ್ತ ಸುದ್ದಿ ಟೈಲರನ ಬಾಯಿಂದ ಬಿದ್ದ ಮೇಲೆ ಪೂರಾ ಮುಚ್ಚುವಂತಿರಲಿಲ್ಲ. "ಸ್ವಲ್ಪ ಸರಿಸಿದ್ದು ಹೌದು" ಎಂದೆ. "ಒಂದು ಮಾರು, ಹೆಚ್ಚೆಂದ್ರೆ ಎರಡು. ರಸ್ತೆ ಅಂಚಿಂದ ಒಳಗೆ. ಅಷ್ಟೆ."

ಆಚೆ ಪಂಚಾಯಿತಿಯ ಒಬ್ಬ ಹಿರಿಯ ಗಡ್ಡ ಕೆರೆದುಕೊಂಡ. "ನಮ್ಮ ಜಾಗದ ವಿಷ್ಯ ಮಾರಾಯ್ರೆ, ಬಾಯ್ಮಾತಲ್ಲಿ ಆಗ್ತದಾ? ಭೂತಪ್ಪನ ಮುಟ್ಟಿ ಹೇಳ್ಲಿ, ನಂದೂ ಒಪ್ಪಿಗೆ."

ನನಗೆ ಭೂತಪ್ಪನಲ್ಲಿ ನಂಬಿಕೆ ಇದೆಯೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಕಲ್ಲು ಮುಟ್ಟಿ ಸುಳ್ಳು ಹೇಳಿ, ಆಮೇಲೆ ನೆಮ್ಮದಿಯಿಂದ ಉಂಡವರನ್ನು ನಾನು ಕಂಡಿಲ್ಲ. ಮಕ್ಕಳು ಮೊಮ್ಮಕ್ಕಳ ಮುಖ ಒಂದೊಂದೇ ಕಣ್ಣ ಮುಂದೆ ಬಂತು. ದರೆಯ ಮೇಲೆ ಮೊಣಕಾಲಿಗೆ ಕೈಯೂರಿ ಇಳಿಯುತ್ತಿದ್ದ ಅಕ್ಕನೂ ಬಂದಳು. ಆದದ್ದಾಗಲಿ ಎಂದು ಚಪ್ಪಲಿ ಬಿಟ್ಟೆ, ಕೈ ಚಾಚಿದೆ.

"ಅವನ ಕೈ ಹಿಂದಕ್ಕೆ ತಗೊಳ್ಳಕ್ಕೆ ಹೇಳಿ."

ದಣಪೆ ದಾಟಿ ಅಕ್ಕ ಕುಂಟುತ್ತ ಬರುತ್ತಿದ್ದಳು. ಹಿಂದೆ ಭಾವ.

"ಕಲ್ಲು ಇಲ್ಲಿರ್ಲಿಲ್ಲ" ಎಂದಳು ಸರ್ವೆಯರ್ ಹುಡುಗಿಗೆ. "ಬಾ ಮಗ, ನಾನು ತೋರಿಸ್ತೀನಿ. ಆ ಕಲ್ಲಿಗೆ ದೀಪ ಹಚ್ಚಿದವಳು ನಾನು, ನಂಗೆ ಗೊತ್ತಿಲ್ವಾ?" ಎಂದು ಏರಿನ ಕಡೆ ಒಂದೊಂದೇ ಹೆಜ್ಜೆ ನಡೆದಳು. ನಾವೆಲ್ಲ ಹಿಂದೆ ಹೋದೆವು. ಯಾರೂ ಅವಳನ್ನು ದಾಟಿ ಮುಂದೆ ನಡೆಯಲಿಲ್ಲ. ಮೋರಿಯ ಪಕ್ಕ ನಿಂತು ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಒಂದು ಗುರುತು ಹಾಕಿದಳು. ಹುಡುಗಿ ಅಲ್ಲಿ ಮೆಷಿನ್ ನಿಲ್ಲಿಸಿದಳು. ನಕಾಶೆಯ ಜಾಗಕ್ಕೂ ಅಕ್ಕನ ಗುರುತಿಗೂ ಒಂದು ಗೇಣಿನ ವ್ಯತ್ಯಾಸ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಲ್ಲರೂ ಹೋದ ಮೇಲೆ ಅವಳ ಅಡುಗೆಮನೆಗೇ ನುಗ್ಗಿದೆ. "ನಿಂಗೆ ಬುದ್ಧಿ ಇದ್ಯನಾ ಮಾರಾಯ್ತಿ? ಒಂದು ನಿಮಿಷ ಬಾಯಿ ಮುಚ್ಚಿದ್ರೆ ಮುಗೀತಿತ್ತು! ನಾಳೆ ಮತ್ತೆ ಹಳ್ಳಕ್ಕೆ ಇಳೀತೀಯನಾ, ಈ ಕಾಲಲ್ಲಿ?"

ಅವಳು ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು. "ನನ್ನ ಒಂದು ಕೊಡ ನೀರಿಗೆ ನೀನು ಭೂತಪ್ಪನ ಮುಟ್ಟಿ ಸುಳ್ಳು ಹೇಳ್ಬೇಕಾ? ನಾಳೆ ನಿಂಗೋ ನಿನ್ನ ಮಕ್ಳಿಗೋ ಎಂತಾದ್ರೂ ಆಯ್ತು ಅನ್ನು, ಆ ನೀರು ನನ್ನ ಗಂಟಲಲ್ಲಿ ಇಳೀತದಾ? ಹದಿನೈದು ವರ್ಷ ಕುಡಿದಿದ್ದೀನಿ. ಸಾಕು."

ನಾನು ಹೊಸ್ತಿಲ ಮೇಲೆ ಕೂತೆ.

"ಭಾರ ಆಯ್ತು ಅಂತ ಕೂಗಿದ್ಯಲ್ಲ ಅವತ್ತು" ಎಂದಳು. "ನಾನು ದಣಪೆ ಹತ್ರಾನೇ ನಿಂತಿದ್ದೆ, ನಿನ್ನ ಮುಖ ನೋಡ್ತಾ ಇದ್ದೆ. ಭಾರ ಹೊತ್ತವರ ಮುಖ ನಂಗೆ ಗೊತ್ತಿಲ್ವನಾ? ನಿನ್ನ ಹಣೇಲಿ ಒಂದು ಹನಿ ಬೆವರಿರ್ಲಿಲ್ಲ."

ಇಷ್ಟು ವರ್ಷ ನಾನು ಅವಳಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದನ್ನು ಅವಳು ನನ್ನಿಂದ ಮುಚ್ಚಿಟ್ಟುಕೊಂಡು ದಿನಾ ಕಾಫಿ ಕೊಟ್ಟಿದ್ದಳು. ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆ ಎಂದು ಬೈದುಕೊಂಡು ಹೊರಗೆ ಬಂದೆ.

ವಾರದೊಳಗೆ ಭೂತಪ್ಪನನ್ನು ಮೊದಲಿನ ಜಾಗಕ್ಕೆ ಹೊರುವುದೆಂದಾಯಿತು. ಮಂಡಿ ನೋವಿದ್ದರೂ ಹಟ ಮಾಡಿ ನಾನೇ ಮುಂದೆ ನಿಂತೆ. ಟೈಲರ್ ಹಿಂದೆ, ಉಳಿದಿಬ್ಬರು ಹೊಸ ಹುಡುಗರು. ಐದು ಹೆಜ್ಜೆ ನಡೆದಿರಬೇಕು, ಅಕ್ಕನ ದಣಪೆ ಎದುರು ಬಂದಿತ್ತು. ದೇವರಾಣೆ ಹೇಳುತ್ತೇನೆ, ಅಲ್ಲಿ ಕಲ್ಲು ಭಾರವಾಯಿತು. ಹೆಗಲು ಕುಸಿಯುವಷ್ಟು. ನಾನು ನಿಂತುಬಿಟ್ಟೆ. ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮಾತಾಡುವ ಹಾಗಿಲ್ಲ, ಮಾತಾಡಿದರೂ ಈ ಸಲ ನಂಬುವವರಾದರೂ ಯಾರು?

ಅಕ್ಕ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು. "ನಡಿ ತಮ್ಮ. ಈ ಸಲ ನಿಲ್ಲಿಸಬೇಡ."

ನಡೆದೆ.

ಅವಳ ಅಂಗಳದ ನಲ್ಲಿ ತೆಗೆಯಲು ಬಂದ ಹೊಸಬ ನಲ್ಲಿ ಬಿಚ್ಚುವ ಪಾನ ಹಿಡಿದು ಅರ್ಧ ಗಂಟೆ ಸುಮ್ಮನೆ ನಿಂತಿದ್ದನಂತೆ. ಅಕ್ಕನೇ "ತೆಗಿ, ನಿನ್ನ ಕೆಲಸ ನೀನು ಮಾಡು" ಎಂದಳಂತೆ. ಅದೇ ಸಂಜೆ ಪಂಚಾಯಿತಿಯ ಸಭೆ ಕೂತಿತು. ಸದಾ ಕೋಳಿಜಗಳ ಆಡುವ ಸದಸ್ಯರು ಒಂದೇ ಬಾಯಲ್ಲಿ ಒಪ್ಪಿದರು: ಗಡಿಕಲ್ಲಿನ ಪಕ್ಕ, ಪಟ್ಟಣದ ಸರಹದ್ದಿನೊಳಗೆ, ಭೂತಪ್ಪನ ಪೂಜೆಯ ಅನುಕೂಲಕ್ಕೆ ಒಂದು ಬೀದಿ ನಲ್ಲಿ. ಆ ನಲ್ಲಿಯಲ್ಲಿ ಬೇರೆ ಯಾರೂ ನೀರು ಹಿಡಿಯಬಾರದು ಎಂದು ಬರೆಯುವುದನ್ನು ಎಲ್ಲರೂ ಮರೆತರು. ಅಷ್ಟು ವರ್ಷದ ಹಿಂದೆ ನಾನು ಕೇಳಿದ್ದೂ ಇದನ್ನೇ, ಸುಡುಗಾಡಿನವು.

ಮೊದಲ ದಿನ ನೀರು ಬರುವಾಗ ನಾನೂ ಹೋಗಿ ಮೋರಿಯ ಕಟ್ಟೆಯ ಮೇಲೆ ಕೂತಿದ್ದೆ. ಅಕ್ಕ ಎರಡು ಕೊಡ ತಂದಳು. ಮೊದಲ ಕೊಡ ತುಂಬಿ ಭೂತಪ್ಪನ ತಲೆಯ ಮೇಲೆ ಸುರಿದಳು. ಎಣ್ಣೆ ಕುಂಕುಮವೆಲ್ಲ ಕೆಂಪಾಗಿ ಇಳಿದು ಮೋರಿಗೆ ಹರಿಯಿತು. ಎರಡನೆಯದನ್ನು ತುಂಬಿ, ಬಗ್ಗಿ ಎತ್ತಲು ನೋಡಿದಳು. ಕಾಲು ಕೇಳಲಿಲ್ಲ. ಭಾವ ಹಲ್ಲುಕಡ್ಡಿ ಕಚ್ಚಿಕೊಂಡು ದಣಪೆಯ ಹತ್ತಿರ ನಿಂತಿದ್ದ. ಅಲ್ಲಿಂದ ಅವನು ಹೊರಡುವ ಮೊದಲೇ ಅಕ್ಕ ಕೊಡವನ್ನು ನನ್ನ ಕಡೆ ಸರಿಸಿದಳು.

"ಹೊರು" ಎಂದಳು. "ಭಾರ ಆಯ್ತು ಅಂತ ನಡುದಾರೀಲಿ ಇಳಿಸಿಗಿಳಿಸೀಯ ಮತ್ತೆ."

ಹೆಗಲಿಗೇರಿಸಿಕೊಂಡು ನಡೆದೆ. ಮಂಡಿ ಚುಳ್ ಎನ್ನುತ್ತಿತ್ತು, ನೀರು ತುಳುಕಿ ಬೆನ್ನು ನೆನೆಯಿತು. ಭಾವ "ಕೊಡಾ ಇಲ್ಲಿ, ಕೊಡಾ" ಎಂದು ಕೈ ಚಾಚಿಕೊಂಡು ಎದುರಿಗೆ ಬಂದ. ಕೊಡಲಿಲ್ಲ. ಮೂವತ್ತೈದು ಹೆಜ್ಜೆ ದಾಟಿ, ಅಂಗಳ ದಾಟಿ, ಅವಳ ಅಡುಗೆಮನೆಯ ಒಲೆಯ ಪಕ್ಕವೇ ಇಳಿಸಿದೆ.